ಹಳೆಯ ಮೊಣಕಾಲು

ಹೊಸ ಪ್ಯಾಂಟಿಗೆ ಹಳೆಯ ಮೊಣಕಾಲು ಮಾಡುವುದು
ನನ್ನ ಕೆಲಸ.
ಗಾಳಿ ತುಂಬಿದ ರಬ್ಬರಿನ ಕಾಲಿಗೆ ಪ್ಯಾಂಟು ತೊಡಿಸುತ್ತೇನೆ,
ಮೇಲೆ ಮೈಯಿಲ್ಲ, ಕೆಳಗೆ ಪಾದವಿಲ್ಲ.
ಉಪ್ಪುಕಾಗದ ಸುತ್ತಿದ ಮರದ ತುಂಡು ಹಿಡಿದು
ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು.
ನಾಲ್ಕು ನಿಮಿಷದಲ್ಲಿ ಏಳು ವರ್ಷ ಸವೆಯುತ್ತದೆ.
ಪೀಸಿಗೆ ಮೂರೂವರೆ ರೂಪಾಯಿ.

ಉಜ್ಜುವಾಗ ಮನಸ್ಸು ಸುಮ್ಮನಿರುವುದಿಲ್ಲ.
ಇದು ಗ್ಯಾರೇಜಿನವನದು,
ಲಾರಿ ಕೆಳಗೆ ಬಿದ್ದ ನಟ್ಟು ಹುಡುಕಿದವನದು.
ಇದು ಗಾರೆಯವನದು, ಮೊಸಾಯಿಕ್ ತಿಕ್ಕಿ ತಿಕ್ಕಿ
ಯಾರದೋ ಮನೆಯ ನೆಲದಲ್ಲಿ ತನ್ನ ಮುಖ ಕಂಡವನದು.
ಇದು ಮಗಳ ಜ್ವರ ಇಳಿಯಲೆಂದು
ದರ್ಗಾದ ಹೊಸ್ತಿಲಲ್ಲಿ
“ಹುಲಿಗೆಮ್ಮಾ, ಕತೆ ಕಟ್ಟಬ್ಯಾಡ, ಉಜ್ಜು”
ಅನ್ನುತ್ತಾನೆ ವನ್ನೂರಪ್ಪ, ವಾಷಿಂಗಿನವನು.

ಅವನ ಕೈ ಮೊಣಕೈವರೆಗೆ ನೀಲಿ.
ತಂಗಿಯ ಮದುವೆಯಲ್ಲಿ ಅವನು ಹಾಕಿದ ಅಕ್ಷತೆ
ಹಸಿರಾಗಿ ಬಿತ್ತೆಂದು ಎಲ್ಲರೂ ನಗುತ್ತಾರೆ,
ಅವನೂ ನಗುತ್ತಾನೆ.
ನಮ್ಮ ಮೋರಿಗೆ ಬಿದ್ದ ಬಿಳಿ ಮೇಕೆಮರಿಯೊಂದು
ಬಕ್ರೀದಿನವರೆಗೂ ನೀಲಿಯಾಗೇ ಇದ್ದು
ಕೊಳ್ಳುವವರಿಲ್ಲದೆ ಬದುಕಿಕೊಂಡಿತು.

ಕೌಲ್ ಬಜಾರಿಗೆ ಈ ಪ್ಯಾಂಟು ಹೆಂಗೆ ಬಂತು?
ಒಬ್ಬೊಬ್ಬರದು ಒಂದೊಂದು ಮಾತು.
ದಂಡಿನ ಸಾಹೇಬನೊಬ್ಬ ಕುದುರೆ ಇಳಿಯುವಾಗ ಚಲ್ಲಣ ಹರಿದು
ನಾಚಿಕೆಗೆ ನಮ್ಮ ಓಣಿಗೆ ನುಗ್ಗಿದನಂತೆ.
ಅಲ್ಲ, ಗುಂತಕಲ್ಲಿನಲ್ಲಿ ಗಾಡಿ ತಪ್ಪಿದ ಬೇಲೊಂದು
ಇಲ್ಲಿಳಿದು ವರ್ಷವಾದರೂ ಕೇಳುವವರು ಬರದೆ
ಕತ್ತರಿ ಹಾಕಿದರಂತೆ.
ಚಾ ಅಂಗಡಿಯ ಖಾಜಾಬಿಯದು ಬೇರೆಯೇ:
“ಬಿಸಿಲು ಎಲ್ಲಿಂದಾನ ಬಂದೈತೇನು ಈ ಊರಿಗೆ?
ಇಲ್ಲೇ ಇತ್ತು. ಪ್ಯಾಂಟೂ ಹಂಗೇ.”

ಏಕನಾಥ ತಾತ ಕತೆ ಹೇಳುವುದಿಲ್ಲ.
ಕಣ್ಣಿಗೆ ಪೊರೆ. ಕಾಲು ಮಾತ್ರ
ನಿದ್ದೆಯಲ್ಲೂ ಮಂಚದ ಪಟ್ಟಿಯ ಮೇಲೆ ಮಿಷನ್ನು ತುಳಿಯುತ್ತದೆ.
ಅವರ ಕಾಲದಲ್ಲಿ ಪ್ಯಾಂಟು ಬರುತ್ತಿದ್ದುದು ತೇಪೆಗೆ,
ರೈಲ್ವೆ ಗ್ಯಾಂಗಿನವರದು, ಹತ್ತಿ ಮಿಲ್ಲಿನವರದು,
ಎಷ್ಟು ಒಗೆದರೂ ಕೆಂಪು ಬಿಡದ ಗಣಿಯವರದು.
“ಮಕ ನೋಡ್ತಿರಲಿಲ್ಲವ್ವ,
ತೂತು ನೋಡಿ ಯಾರದಂತ ಹೇಳ್ತಿದ್ದೆ.
ತೇಪೆ ಕಾಣಬಾರದು. ಕಂಡ್ರೆ ಮರ್ಯಾದಿ ಹೋಗ್ತಿತ್ತು,
ಅವರದಲ್ಲ, ನಂದು.”

ಒಂದು ದಿನ ಅವರ ಬೆರಳು ಹಿಡಿದು
ನಾನು ಉಜ್ಜಿದ ಜಾಗ ಮುಟ್ಟಿಸಿದೆ.
ತಡವಿದರು. ಮತ್ತೆ ತಡವಿದರು.
“ಯಾರದಿದು?”
ಹೊಸದು ತಾತ, ಇನ್ನೂ ಯಾರೂ ತೊಟ್ಟಿಲ್ಲ.
“ಸುಳ್ಳು. ಈ ಮನುಷ್ಯ ಬಾಳ ದುಡಿದಾನ.”

ಹೋದ ತಿಂಗಳು ಲಾಟು ವಾಪಸು ಬಂತು, ಮುನ್ನೂರು ಪೀಸು.
ಮೊಣಕಾಲು ಎರಡು ಬೆರಳು ಮೇಲಾಗಿದೆಯಂತೆ.
ಓನರು ಟೇಪು ಹಿಡಿದು ತೋರಿಸಿದರು.
ಅವತ್ತು ಚಾಕಿನ ಗುರುತು ಅಳಿಸಿಹೋಗಿತ್ತು,
ಸೊಂಟದಿಂದ ಮೊಣಕಾಲಿಗೆ ನನ್ನದೇ ಅಳತೆ ಹಿಡಿದಿದ್ದೆ.
ನನ್ನಷ್ಟೇ ಎತ್ತರದ ಮುನ್ನೂರು ಜನ,
ಊರಿ, ಎದ್ದು, ಮತ್ತೆ ಊರಿದವರು,
ಗೋಣಿಯಲ್ಲಿ ಮಡಚಿಕೊಂಡು ಊರಿಗೆ ಬಂದಿದ್ದರು.

ವಾರದ ಕೂಲಿ ಮುರಿದುಕೊಂಡರು.
ವನ್ನೂರಪ್ಪ ಆ ಕಡೆ ನೋಡುತ್ತ
ಒಂದನ್ನು ನನ್ನ ಚೀಲಕ್ಕೆ ತುರುಕಿದ.

ರಾತ್ರಿ ಬಾಗಿಲು ಹಾಕಿ, ಸೀರೆ ಕಳಚಿಟ್ಟು,
ಜೀವನದಲ್ಲಿ ಮೊದಲ ಸಲ ತೊಟ್ಟು ನೋಡಿದೆ.
ಕಾಲು ಉದ್ದವಾಯಿತು, ನಾಕು ಮಡಿಕೆ ಹಾಕಿದೆ.
ಗಡಿಬಿಡಿಯಲ್ಲಿ ಸಜ್ಜೆ ಹಿಟ್ಟಿನ ಡಬ್ಬಿ ಉರುಳಿತು.
ಬಳಿಯಲು ನೆಲಕ್ಕೂರಿದೆ.
ಸವೆದ ಜಾಗ ಸರಿಯಾಗಿ
ಮೊಣಕಾಲ ಮೇಲೆ ಕೂತಿತ್ತು.